ಬಿದ್ದಿಲ್ಲ, ಕೂತ್ಕಂಡೆ

ನವೆಂಬರ್ 11, ಸೋಮವಾರ. ಬೆಳಿಗ್ಗೆ 10.30

ತಿಂಡಿ ಆಯಿತು. ಇವರ ಮಾತ್ರೆ ಕೊಟ್ಟಾಯಿತು. ಮಗ ಪ್ರಸಾದ್ ಅಂಗಡಿಗೆ ಹೋದ, ಸೊಸೆ ಕುಸುಮಾ ಸೊಸೈಟಿ ಆಫೀಸಿಗೆ. ಇನ್ನು ಸಂಜೆ ಆರರವರೆಗೆ ಮನೆಯಲ್ಲಿ ನಾವಿಬ್ಬರೇ. ಬೇಳೆ ಕುಕ್ಕರಿಗಿಟ್ಟು ಕೂತೆ. ಹಿತ್ತಿಲಲ್ಲಿ ಧೊಪ್ಪೆಂದು ಸದ್ದು.

ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿಗೂ ನೀರಿನ ಡ್ರಮ್ಮಿಗೂ ನಡುವೆ ಇವರು. ನೆಲದ ಮೇಲೆ. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ, ಕೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದುಕೊಂಡು. ಮೊಣಕೈ ತರಚಿ ರಕ್ತ.

"ಬಿದ್ದಿಲ್ಲ ಕಣೇ. ಕೂತ್ಕಂಡೆ," ಅಂದರು.

ಎಪ್ಪತ್ತಾರು ವರ್ಷದ ಮನುಷ್ಯ, ಬಿಳಿ ಪಂಚೆ ಉಟ್ಟು, ಪಾಚಿಯ ಮೇಲೆ ಕೂರುತ್ತಾರಂತೆ. ಗೌರಿಹಬ್ಬ ಆದಮೇಲೆ ಹೀಗೆ 'ಕೂತದ್ದು' ಇದು ಮೂರನೆಯ ಸಲ. ಪ್ರಸಾದನಿಗೆ ಹೇಳುತ್ತೇನೆ ಅಂದೆ. ಮಾತು ಬಿಟ್ಟರು.

ಮೂವತ್ತನಾಲ್ಕು ವರ್ಷ ಲೈನ್‌ಮನ್ ಕೆಲಸ. ಇಲ್ಲೇ ಶನಿವಾರಸಂತೆಯಲ್ಲಿ ಶುರು, ಆಮೇಲೆ ಸೋಮವಾರಪೇಟೆ, ಕೊನೆಗೆ ಮಾಕುಟ್ಟದ ಕಾಡಿನ ಲೈನು. ಒಂದು ದಿನ ಕಂಬದಿಂದ ಬಿದ್ದವರಲ್ಲ. ಇದನ್ನು ಮದುವೆಮನೆಯಲ್ಲಿ ಹೇಳುತ್ತಾರೆ, ತಿಥಿಮನೆಯಲ್ಲಿ ಹೇಳುತ್ತಾರೆ, ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ಹೇಳುತ್ತಾರೆ. ಕಂಬದಿಂದ ಬಿದ್ದಿಲ್ಲ, ನಿಜ. ನೆಲದ ಮೇಲೆ ನಿಂತವರು ನಿಂತಲ್ಲೇ ಬೀಳುತ್ತಿದ್ದಾರಲ್ಲ... ಅದಕ್ಕೇನು ಹೇಳೋಣ.

ಕುಕ್ಕರ್ ಎಷ್ಟು ಸಲ ಕೂಗಿತೋ. ಬೇಳೆ ಗಂಜಿಯಾಗಿದೆ.

ನವೆಂಬರ್ 15

ಸೋಮವಾರ ರಾತ್ರಿಯೇ ಹೇಳಿಬಿಟ್ಟಿದ್ದೆ ಮಗನಿಗೆ. ಅವನದು ಹಾರ್ಡ್‌ವೇರ್ ಅಂಗಡಿ, ಯಾವ ಕಷ್ಟಕ್ಕೂ ಒಂದು ಸಾಮಾನು ತಂದರೆ ಮುಗಿಯಿತು ಅಂದುಕೊಂಡಿದ್ದಾನೆ. ಮರುದಿನವೇ ನಾಲ್ಕು ಕಾಲಿನ ಊರುಗೋಲು ಬಂತು. ಇವರು ತಿರುಗಿಸಿ ಮುರುಗಿಸಿ ನೋಡಿದರು. ವೆಲ್ಡಿಂಗ್ ಸರಿಯಿಲ್ಲ ಅಂದರು. ಈಗ ಅದು ಸೀಬೆಮರದ ಕೊಂಬೆ ಬಗ್ಗಿಸುವುದಕ್ಕೆ ಬಳಕೆಯಾಗುತ್ತಿದೆ.

ಕೋಲು ತರುವ ಬದಲು ಬಚ್ಚಲಿನ ಟೈಲ್ಸ್ ಕೀಳಿಸು ಅಂದೆ ಪ್ರಸಾದನಿಗೆ. ಎರಡು ವರ್ಷದ ಹಿಂದೆ ಆಸೆಪಟ್ಟು ಹಾಕಿಸಿದ್ದು. ಮುಖ ಕಾಣುವಷ್ಟು ನುಣುಪು. ಸೋಪಿನ ನೀರು ಬಿದ್ದರೆ ಕಾಲೇ ನಿಲ್ಲುವುದಿಲ್ಲ. ಆವತ್ತೇ ಬೇಡ ಅಂದಿದ್ದೆ. ಶೋರೂಮಿನಲ್ಲಿ ಚೆನ್ನಾಗಿ ಕಂಡಿತಂತೆ. ಶೋರೂಮಿನಲ್ಲಿ ಯಾರು ಸ್ನಾನ ಮಾಡುತ್ತಾರೆ?

ನವೆಂಬರ್ 21, ಮಧ್ಯಾಹ್ನ

ಇವತ್ತಿನದು ಚಪ್ಪಲಿ. ಹವಾಯಿ ಚಪ್ಪಲಿ, ಹಿಮ್ಮಡಿ ಸವೆದು ಹಾಳೆಯಷ್ಟು ತೆಳ್ಳಗಾಗಿದೆ. ಬಾರು ಸಡಿಲ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿದು — ಹಾಗೇ ಅಂಗಳದಿಂದ ಒಳಗೆ ಬಂದರು. ಇನ್ನೊಂದು ಎಲ್ಲಿ ಅಂತ ಕೇಳಿದರೆ ಕಾಲು ನೋಡಿಕೊಂಡರು. ಅವರಿಗೇ ಆಶ್ಚರ್ಯ. ಗೇಟಿನ ಹತ್ತಿರ ಬಿದ್ದಿತ್ತು.

ನಕ್ಕೆ. ಆಮೇಲೆ ಬೈದೆ. ಕಾಲಿನಿಂದ ಚಪ್ಪಲಿ ಕಳಚಿದ್ದು ತಿಳಿಯದಷ್ಟು ಯಾವ ಯೋಚನೆ ನಿಮಗೆ, ಅಂದೆ. ಟಿವಿ ಹಾಕಿದರು.

ಹೊಸ ಚಪ್ಪಲಿ ಬೇಡವಂತೆ. ಇದೇ ರೂಢಿಯಂತೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಂಡೆ. ಮೂರು ವರ್ಷದವರು ಇದಕ್ಕಿಂತ ಬೇಗ ಮಾತು ಕೇಳುತ್ತಿದ್ದರು.

ನವೆಂಬರ್ 28

ಪೊನ್ನಂಪೇಟೆಯಿಂದ ಫೋನು. ಬೆಳ್ಳಿಯಪ್ಪನವರು ಬಿದ್ದು ಸೊಂಟದ ಮೂಳೆ ಮುರಿದು, ಮೈಸೂರಿನಲ್ಲಿ ಆಪರೇಷನ್ ಆಗಿ ಮನೆಗೆ ಬಂದಿದ್ದಾರಂತೆ. ಮಾಕುಟ್ಟದ ಲೈನಿನಲ್ಲಿ ಇವರ ಜೊತೆ ಹನ್ನೆರಡು ವರ್ಷ ಕೆಲಸ ಮಾಡಿದವರು. ಆಜಾನುಬಾಹು. ಹೆಗಲ ಮೇಲೆ ತಂತಿಯ ಸುರುಳಿ ಹೊತ್ತು ಹೊಳೆ ದಾಟುತ್ತಿದ್ದರಂತೆ.

ಇವರು ಊಟಕ್ಕೆ ಏಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಡಿಸೆಂಬರ್ 1, ಭಾನುವಾರ. ಸಂಜೆ

ಪ್ರಸಾದ್ ಕಾರಿನಲ್ಲಿ ಕರೆದುಕೊಂಡು ಹೋಗಿದ್ದ. ಬೆಳ್ಳಿಯಪ್ಪ ಅರ್ಧ ಆಗಿದ್ದಾರೆ. ಬೆಳಿಗ್ಗೆ ಆರೂವರೆಗೆ ಕಾಲೊರಸು ಜಾರಿ ಬಿದ್ದದ್ದು. ಹೆಂಡತಿ ಮದುವೆಗೆಂದು ವಿರಾಜಪೇಟೆಗೆ ಹೋಗಿದ್ದರು. ಪಕ್ಕದ ಮನೆಯವರು ಹಾಲು ಕೊಡಲು ಬಂದಾಗ ಹತ್ತು ಗಂಟೆ. ಅಲ್ಲಿಯವರೆಗೆ ನೆಲದ ಮೇಲೆ.

"ಬಿದ್ದದ್ದು ಬೇಜಾರಿಲ್ಲ ಮಾದೇವಪ್ಪ," ಅಂದರು ಇವರಿಗೆ. "ಫೋನು ಮೇಜಿನ ಮೇಲೆ ರಿಂಗ್ ಆಗ್ತಾ ಇತ್ತು. ಮೂರಡಿ ದೂರ. ನಂಗೆ ಹೋಗಕ್ಕೆ ಆಗಲಿಲ್ಲ. ನಾಲ್ಕು ಸಲ ರಿಂಗ್ ಆಯ್ತು."

ದಾರಿಯುದ್ದಕ್ಕೂ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಕಂಬಗಳನ್ನು ಎಣಿಸುತ್ತಿದ್ದರೋ ಏನೋ. ಇನ್ನಾದರೂ ಬುದ್ಧಿ ಬರುತ್ತದೆ ಅಂದುಕೊಂಡೆ. ಮನೆಗೆ ಬಂದ ತಕ್ಷಣ ಬಾಗಿಲ ಮುಂದೆ ಹಾಕಿದ್ದ ಹಳೇ ಸೀರೆಯ ಕಾಲೊರಸು ಎತ್ತಿ ಬಿಸಾಕಿದೆ. ಮೂವರೂ ನೋಡುತ್ತಾ ನಿಂತರು.

ಡಿಸೆಂಬರ್ 3, ಬೆಳಿಗ್ಗೆ 11

ಬುದ್ಧಿ ಬಂದದ್ದು ಎರಡು ದಿನ.

ಪಾತ್ರೆ ತೊಳೆಯಲು ಬರುವ ಚೋಮಿ ಈಗ ಬಂದು ಹೇಳುತ್ತಿದ್ದಾಳೆ: ಪಕ್ಕದ ಮನೆಯಲ್ಲಿ ಇವರು ಟ್ಯೂಬ್‌ಲೈಟ್ ಬದಲಾಯಿಸುತ್ತಿದ್ದಾರೆ. ಮೇಜು. ಮೇಜಿನ ಮೇಲೆ ಸ್ಟೂಲು. ಸ್ಟೂಲಿನ ಮೇಲೆ ಇವರು. ಕೆಳಗೆ ಹಿಡಿದುಕೊಳ್ಳುವವರು ಯಾರೂ ಇಲ್ಲವಂತೆ.

ಹೋಗಿ ಇಳಿಸಿ ಬರುತ್ತೇನೆ.

ಡಿಸೆಂಬರ್ 24

ಎಡಗೈ ಬರಹ. ಸೊಟ್ಟ. ಯಾರು ಓದುತ್ತಾರೆ, ಇರಲಿ.

ಬಿದ್ದದ್ದು ನಾನು.

ಡಿಸೆಂಬರ್ 26

ಮೊನ್ನೆಗಿಂತ ಬರವಣಿಗೆ ವಾಸಿ. ನಡೆದದ್ದು ಬರೆದಿಡುತ್ತೇನೆ.

ಅವತ್ತು ಪುಸ್ತಕ ಮುಚ್ಚಿಟ್ಟು ಎದ್ದೆ, ಕಾಲು ಒದ್ದೆ. ಓಡಿದೆ. ಅರವತ್ತೊಂಬತ್ತು ವರ್ಷಕ್ಕೆ ಯಾರಾದರೂ ಓಡುತ್ತಾರೆಯೇ? ಜಗಲಿಯ ಮೂರು ಮೆಟ್ಟಿಲಲ್ಲಿ ಎರಡನೆಯದು ಕಾಣಲಿಲ್ಲ. ಸೀರೆಯ ಅಂಚು ಕಾಲಿಗೆ ಸಿಕ್ಕಿತು. ಬಲಗೈ ಊರಿದೆ. ಸದ್ದು ನನಗೇ ಕೇಳಿಸಿತು. ಒಣ ಕಡ್ಡಿ ಮುರಿದ ಹಾಗೆ.

ಪಕ್ಕದ ಮನೆಯಿಂದ ಇವರು ಬಂದರು. ಟ್ಯೂಬ್‌ಲೈಟ್ ಹಾಕಿ ಮುಗಿಸಿ, ಸುಖವಾಗಿ ಇಳಿದು, ನಡೆದುಕೊಂಡು.

ಮಣಿಕಟ್ಟು ಎರಡು ಕಡೆ ಮುರಿದಿದೆ. ಆರು ವಾರ ಪ್ಲಾಸ್ಟರ್. ಈಗ ಜಡೆ ಹಾಕುವವಳು ಕುಸುಮಾ, ಅನ್ನ ಕಲಸುವವಳು ಕುಸುಮಾ, ಸೀರೆ ಉಡಿಸುವವಳು ಕುಸುಮಾ. ಆಫೀಸಿಗೆ ತಡವಾಗಿ ಓಡುತ್ತಾಳೆ. ಓಡಬೇಡ ಅಂದೆ. ನನ್ನ ಮುಖ ನೋಡಿ ನಕ್ಕಳು.

ಸಿಟ್ಟು ಯಾರ ಮೇಲೆ ತೀರಿಸಲಿ? ಇವರ ಮೇಲೇ. ಆದರೆ ಇವರು ಮೂರು ವಾರದಿಂದ ಒಂದು ಮಾತೂ ಎದುರಾಡಿಲ್ಲ. ಅದೂ ಒಂದು ಕಾಟ.

ಡಿಸೆಂಬರ್ 30

ಆಸ್ಪತ್ರೆ. ಕೈ ನೋಡಿದ ಮೇಲೆ ಫಿಸಿಯೋ ಹತ್ತಿರ ಕಳಿಸಿದರು. ಯಮುನ ಅಂತ ಹೆಸರು, ಮೂವತ್ತರ ಆಸುಪಾಸು, ಚುರುಕು. ಕೈಯ ಬಗ್ಗೆ ಕೇಳುವುದು ಬಿಟ್ಟು ಬೇರೆಲ್ಲ ಕೇಳಿದಳು. ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದೀರಿ?

ಒಂದೇ ಸಲ, ಅಂದೆ.

"ಎರಡು," ಅಂದರು ಇವರು ಪಕ್ಕದಿಂದ. "ಗೌರಿಹಬ್ಬದ ಹಿಂದಿನ ದಿನ ಉಗ್ರಾಣದಲ್ಲಿ ಬಿದ್ದಿದ್ದು ಹೇಳು."

ಅದನ್ನು ನಾನು ಇಲ್ಲಿ ಕೂಡ ಬರೆದಿಲ್ಲ. ಅಕ್ಕಿ ಮೂಟೆ ಎಡವಿ ಬಿದ್ದು, ಹತ್ತು ನಿಮಿಷ ಅಲ್ಲೇ ಕೂತು, ಸೆರಗು ಕೊಡವಿಕೊಂಡು ಎದ್ದು ಬಂದು ಕಡುಬು ಮಾಡಿದ್ದೆ. ಬಾಗಿಲ ಸಂದಿಯಿಂದ ಇವರು ನೋಡಿದ್ದರಂತೆ. ಯಾಕೆ ಸುಮ್ಮನಿದ್ದಿರಿ ಅಂದರೆ, ನೀನು ಸುಮ್ಮನಿದ್ದೆಯಲ್ಲ ಅಂದರು. ಆ ಹುಡುಗಿಯ ಎದುರು ಮುಖ ಎಲ್ಲಿಡುವುದು. ಇವರಿಗೊಂದು ನ್ಯಾಯ, ನನಗೊಂದು ನ್ಯಾಯ.

ಯಮುನ ಬೈಯಲಿಲ್ಲ. ಬಂದವರಲ್ಲಿ ಬಹಳ ಜನ ಹೀಗೇ ಮುಚ್ಚಿಡುತ್ತಾರಂತೆ. ಕೈ ಊರದೆ ಕುರ್ಚಿಯಿಂದ ಏಳಿ ಅಂದಳು. ಆಗಲಿಲ್ಲ. ಮೂರು ಸಲ ಪ್ರಯತ್ನಿಸಿದೆ, ಆಗಲಿಲ್ಲ. ತೊಡೆಯಲ್ಲಿ ಬಲವೇ ಇಲ್ಲವಂತೆ. ಓದುವುದಕ್ಕೂ ನೋಡುವುದಕ್ಕೂ ಒಂದೇ ಆದ ನನ್ನ ಕನ್ನಡಕ ಹಾಕಿಕೊಂಡು ಮೆಟ್ಟಿಲಿಳಿದರೆ ಕೆಳಗಿನ ಗಾಜಿನಲ್ಲಿ ಮೆಟ್ಟಿಲು ಮಸುಕಾಗುತ್ತದಂತೆ. ನಿದ್ದೆಗೆಂದು ಮೆಡಿಕಲ್ ಸ್ಟೋರಿನಿಂದ ನಾನೇ ತರಿಸಿಕೊಳ್ಳುತ್ತಿದ್ದ ಮಾತ್ರೆ ಡಾಕ್ಟರಿಗೆ ಹೇಳಿ ನಿಲ್ಲಿಸಬೇಕಂತೆ. ಬಿದ್ದವರನ್ನು ಹೇಗೆ ಏಳಿಸಬೇಕು ಎಂಬುದನ್ನು ನೆಲದ ಮೇಲೆ ತಾನೇ ಮಲಗಿ ತೋರಿಸಿದಳು. ಎಳೆಯಬಾರದು, ಎತ್ತಬಾರದು. ಅವರೇ ಏಳಬೇಕು, ನಾವು ಕುರ್ಚಿ ಕೊಡಬೇಕು.

ಆಮೇಲೆ ಇವರತ್ತ ತಿರುಗಿ, ನಿಮ್ಮನ್ನೂ ನೋಡಲೇ ಅಂದಳು. ಪೇಷಂಟ್ ನಾನಲ್ಲ ಅಂದರು. ಮುಗಿಯಿತು.

ಜನವರಿ 6

ಮನೆಯಲ್ಲಿ ಇರಲಾಗುತ್ತಿಲ್ಲ. ಡ್ರಿಲ್ಲಿಂಗ್ ಮೆಷಿನ್ ಸದ್ದು.

ಆಸ್ಪತ್ರೆಯಿಂದ ಬಂದ ಮೇಲೆ ಇವರಿಗೆ ನೌಕರಿ ಮತ್ತೆ ಸಿಕ್ಕ ಹಾಗಾಗಿದೆ. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಹಿಂದೆ ಪೆನ್ಸಿಲ್ಲು, ಮನೆಯೆಲ್ಲ ಇನ್‌ಸ್ಪೆಕ್ಷನ್. ಮಿಕ್ಸಿಯ ವೈರು ಅಡುಗೆಮನೆಯ ದಾರಿಗೆ ಅಡ್ಡ ಬರುತ್ತಿತ್ತು — ಪ್ಲಗ್ ಬೇರೆ ಕಡೆಗೆ ಹೋಯಿತು. ಜಗಲಿಯ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ. ಮಂಚದಿಂದ ಬಚ್ಚಲಿನವರೆಗೆ ಸಣ್ಣ ಬಲ್ಬು. ಬಚ್ಚಲಿಗೆ ಒರಟು ರಬ್ಬರ್ ಹಾಸು. ಪ್ರಸಾದನ ಅಂಗಡಿಯಿಂದ ಕಬ್ಬಿಣದ ಜಿಐ ಪೈಪು ಬಂದು ಬಚ್ಚಲ ಗೋಡೆಗೂ ಮೆಟ್ಟಿಲಿಗೂ ಹಿಡಿಕೆ ಆಗುತ್ತಿದೆ. ಚೋಮಿಗೆ ನೆಲ ಒರೆಸಲೂ ಪರ್ಮಿಷನ್ ಬೇಕು. ಒಣಗುವ ತನಕ ಬಾಗಿಲಿಗೆ ಅಡ್ಡ ಕುರ್ಚಿ.

"ಒಂದ್ ಕೈ ಬಿಡಕ್ಕೆ ಮುಂಚೆ ಇನ್ನೊಂದ್ ಕೈ ಹಿಡ್ದಿರ್ಬೇಕು," ಅಂತ ನನಗೆ ಪಾಠ. ಕಂಬದ ಪಾಠ.

ಕೆಲಸ ಅಚ್ಚುಕಟ್ಟು, ಇಲ್ಲವೆನ್ನಲಾರೆ. ಆದರೆ ಎಲ್ಲವೂ ನನಗಂತೆ. ಬಿದ್ದವಳು ನಾನೊಬ್ಬಳೇ ಅನ್ನುವ ಹಾಗೆ. ಅದೇ ಸವೆದ ಚಪ್ಪಲಿ ಹಾಕಿಕೊಂಡು ಪೈಪು ಹೊತ್ತು ಓಡಾಡುತ್ತಾರೆ.

ಜನವರಿ 9, ಗುರುವಾರ. ಮಧ್ಯಾಹ್ನ 3

ಎಡಗೈಯಲ್ಲೇ ಬರೆಯಬೇಕು, ಬರೆಯುತ್ತೇನೆ.

ಹನ್ನೊಂದು ಗಂಟೆಗೆ. ಬಚ್ಚಲ ಬಾಗಿಲಲ್ಲಿ, ಕೊನೆಯ ಹಿಡಿಕೆ ಕೂರಿಸುತ್ತಿದ್ದರು. ಬಗ್ಗಿದ್ದವರು ಎದ್ದುನಿಂತರು, ಕಣ್ಣು ಮೇಲಕ್ಕೆ ಹೋಯಿತು, ಪಕ್ಕಕ್ಕೆ ವಾಲಿದರು. ನಾನು ನೋಡುತ್ತಿದ್ದೆ. ಹಿಡಿಯಲು ಒಂದೇ ಕೈ. ಗೋಡೆಗುಂಟ ಜಾರಿ ಬಿದ್ದರು. ಕೈಗೆ ಹಿಡಿಕೆ ಸಿಕ್ಕಿದ್ದರಿಂದ ತಲೆ ಬಡಿಯಲಿಲ್ಲ.

ನೆಲದ ಮೇಲೆ ರಕ್ತ. ಎಲ್ಲಿಂದ ಅಂತ ಹುಡುಕಿದೆ. ಬರಿಗಾಲು, ಅಂಗಾಲಿನಲ್ಲಿ ಸ್ಕ್ರೂ. ಅರ್ಧ ಒಳಗೆ ಹೋಗಿದೆ.

ನೋಯುತ್ತಿಲ್ಲವೇ ಅಂದೆ. ಎಲ್ಲಿ ಅಂದರು.

ಕಾಲು ತೋರಿಸಿದೆ. ಸುಮ್ಮನೆ ನೋಡಿದರು, ಬೇರೆ ಯಾರದೋ ಕಾಲು ನೋಡುವ ಹಾಗೆ.

"ಹೋದ್ ಬ್ಯಾಸ್ಗೆಯಿಂದ ಹಿಂಗೆ ಕಣೇ," ಅಂದರು. "ಹತ್ತಿ ಮೇಲೆ ನಡ್ದಂಗೆ ಆಯ್ತದೆ. ಕಾಲ್ ಎಲ್ಲಿಟ್ಟೆ ಅಂತ ಕಣ್ಣಲ್ಲೇ ನೋಡ್ಕಬೇಕು."

ಎಂಟು ತಿಂಗಳು. ಒಂದೇ ಮನೆ, ಒಂದೇ ಮಂಚ. ಎಂಟು ತಿಂಗಳು. ಸಿಟ್ಟು ನೆತ್ತಿಗೇರಿತು. ಯಾಕೆ ಹೇಳಲಿಲ್ಲ ಅಂದೆ.

ನೆಲದಲ್ಲೇ ಗೋಡೆಗೊರಗಿ ಹೇಳಿದರು. ಇವರ ಸೆಕ್ಷನ್ನಿನಲ್ಲಿ ಒಬ್ಬರಿಗೆ ಬೆರಳು ಮರಗಟ್ಟುತ್ತಿತ್ತಂತೆ. ಸಾಹೇಬರಿಗೆ ಹೇಳಿಕೊಂಡರು. ಮರುದಿನವೇ ಕಂಬದಿಂದ ಇಳಿಸಿ ಕಂಪ್ಲೇಂಟ್ ಫೋನಿನ ಮುಂದೆ ಕೂರಿಸಿದರು. ರಿಟೈರ್ ಆಗುವವರೆಗೆ ಅಲ್ಲೇ.

"ಆಮೇಲೆ ಅವ್ನ ಹೆಸ್ರು ಹಿಡ್ದು ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ. ನೀವೂ ನನ್ನ ಇಳ್ಸಿಬಿಡ್ತೀರಿ ಅನ್ನುಸ್ತು."

ಯಾವುದರಿಂದ ಅಂದೆ.

"ಎಲ್ಲದ್ರಿಂದ."

ಬೈಗುಳ ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಕಾಲಿಗೆ ಬಟ್ಟೆ ಕಟ್ಟಿದೆ, ಸ್ಕ್ರೂ ಮುಟ್ಟಲಿಲ್ಲ. ಯಮುನ ಹೇಳಿಕೊಟ್ಟದ್ದು ನೆನಪು ಮಾಡಿಕೊಂಡೆ. ಮೊದಲು ಎಲ್ಲಾದರೂ ನೋವಿದೆಯೇ ಕೇಳಿದೆ. ಸೊಂಟ, ತಲೆ, ಕುತ್ತಿಗೆ. ಇಲ್ಲ. ಸ್ವಲ್ಪ ಹೊತ್ತು ಹಾಗೇ ಕೂರಿಸಿದೆ. ಒಂದು ಕುರ್ಚಿ ಮುಂದಿಟ್ಟೆ, ಒಂದು ಹಿಂದೆ. ಪಕ್ಕಕ್ಕೆ ಹೊರಳಿ ಅಂದೆ. ಮಂಡಿಯೂರಿ ಅಂದೆ. ಮುಂದಿನ ಕುರ್ಚಿಗೆ ಎರಡೂ ಕೈ. ಗಾಯವಿಲ್ಲದ ಕಾಲು ಮೊದಲು. ಮೂರು ಸಲ ಕುಸಿದರು. ನಾಲ್ಕನೆಯ ಸಲ ಎದ್ದರು, ಹಿಂದಿನ ಕುರ್ಚಿ ತಳ್ಳಿದೆ, ಕೂತರು. ಇಪ್ಪತ್ತು ನಿಮಿಷ. ಇಬ್ಬರಿಗೂ ಬೆವರು.

ಪ್ರಸಾದ್ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ. ನಾನು ಬರುವುದು ಬೇಡವಂತೆ. ಮನೆಯಲ್ಲಿ ಕೂತಿದ್ದೇನೆ. ಗಡಿಯಾರ ನೋಡುತ್ತಿದ್ದೇನೆ.

ಜನವರಿ 11

ಬರೆಯಲು ಮನಸ್ಸಿಲ್ಲ. ಆದರೂ.

ಸಕ್ಕರೆ ಕಾಯಿಲೆ ಆರು ವರ್ಷದಿಂದ ಇತ್ತು, ಕಾಲು ಮಾತ್ರ ಯಾರೂ ನೋಡಿಸಿರಲಿಲ್ಲ. ಪಾದದ ನರಗಳಿಗೆ ಸ್ಪರ್ಶ ತಿಳಿಯುತ್ತಿಲ್ಲ. ಅದೊಂದು. ಇನ್ನೊಂದು — ಮಲಗಿದ್ದಾಗ ಬಿಪಿ ನೂರನಲವತ್ತು, ಎದ್ದುನಿಂತರೆ ನೂರೈದು. ಅದಕ್ಕೇ ಕಣ್ಣು ಕತ್ತಲೆ. ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಪ್ರಸಾದ್ ಡಬ್ಬಿಯನ್ನೇ ತೋರಿಸಿದನಂತೆ. ಏಪ್ರಿಲ್‌ನಲ್ಲಿ ಬಿಪಿ ಮಾತ್ರೆ ಬದಲಾಗಿತ್ತು. ಹಳೆಯದು ನಿಲ್ಲಿಸಿ ಅಂತ ಚೀಟಿಯ ಹಿಂಬದಿ ಬರೆದಿತ್ತು. ಹಿಂಬದಿ ನಾನು ನೋಡಲೇ ಇಲ್ಲ. ಹಳೆಯದೂ ಹೊಸದೂ ಸೇರಿಸಿ ದಿನಾ ಬೆಳಿಗ್ಗೆ ಕೊಟ್ಟದ್ದು ಯಾರು? ನಾನೇ. ನೀರಿನ ಲೋಟದ ಜೊತೆ. ನುಂಗಿದರೋ ಇಲ್ಲವೋ ಅಂತ ನಿಂತು ನೋಡಿ.

ಪ್ರಸಾದ್ ನನಗೊಬ್ಬಳಿಗೇ ಹೇಳಿದ. ಇವರಿಗೆ ಇನ್ನೂ ಗೊತ್ತಿಲ್ಲ.

ಜನವರಿ 12

ಹೇಳಿದೆ. ಕಾಫಿ ಕೊಟ್ಟು, ಎದುರು ಕೂತು, ಚೀಟಿ ತಿರುಗಿಸಿ ತೋರಿಸಿದೆ.

ಬಹಳ ಹೊತ್ತು ಓದಿದರು. ಕಾಫಿ ಕುಡಿದರು. "ಲೈನ್ ಆಫ್ ಆಗಿದ್ಯಾ ಅಂತ ನೋಡ್ದೆ ಇಬ್ರೂ ಕಂಬ ಹತ್ತಿದೀವಿ," ಅಂದರು. "ನಿಂದೊಬ್ಬಳ್ದೇ ಅಲ್ಲ."

ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಅಡುಗೆಮನೆಗೆ ಹೋಗಿ ಅತ್ತೆ, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುವುದೂ ಕಷ್ಟ.

ಫೆಬ್ರವರಿ 4

ಪ್ಲಾಸ್ಟರ್ ಬಿಚ್ಚಿ ಮೂರು ವಾರ. ಬಲಗೈ ಬರಹ, ಇನ್ನೂ ನೋವು.

ಮನೆಯೊಳಗೆ ಶೂ ಹಾಕಿಕೊಂಡು ಓಡಾಡುವ ಕಾಲ ಬಂತು. ಕುಸುಮಾ ತಂದದ್ದು, ಪಟ್ಟಿ ಅಂಟಿಸುವಂಥದ್ದು, ಒಳಗಿನ ಬಳಕೆಗೇ ಬೇರೆ ಜೊತೆ. ದೇವರ ಕೋಣೆಗೆ ಮಾತ್ರ ಇಲ್ಲ. ಸ್ಕೂಲ್ ಮಕ್ಕಳ ಥರ ಇದೆ ಅಂತ ಇವರು ಎರಡು ದಿನ ಮುಟ್ಟಲಿಲ್ಲ. ಚೋಮಿ ನಕ್ಕಳು ಅಂತ ಮತ್ತೆರಡು ದಿನ. ಪ್ರತಿದಿನ ರಾತ್ರಿ ಊಟಕ್ಕೆ ಮುಂಚೆ ಕುಸುಮಾ ಟಾರ್ಚ್ ಹಿಡಿದು ಮಾವನ ಅಂಗಾಲು ನೋಡುತ್ತಾಳೆ. ಮೊದಲ ದಿನ ಕಾಲು ಎಳೆದುಕೊಂಡರು. ಸೊಸೆಗೆ ಕಾಲು ಹಿಡಿಸುವುದೇ ಅಂತ. ಅವಳು ಬಿಡಲಿಲ್ಲ.

ಬೆಳಿಗ್ಗೆ ಇಬ್ಬರಿಗೂ ಕಸರತ್ತು. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಏಳುವುದು, ಕೂರುವುದು. ಇವರು ತಂತಿ ಎಳೆಯುವ ಗ್ಯಾಂಗಿನವರ ಹಾಗೆ ಗಟ್ಟಿಯಾಗಿ ಎಣಿಸುತ್ತಾರೆ. ಬೀದಿಗೆಲ್ಲ ಕೇಳುತ್ತದೆ. ಮೆಲ್ಲಗೆ ಅಂದರೆ ಎಣಿಕೆ ತಪ್ಪುತ್ತದಂತೆ. ನಾನು ಆರಕ್ಕೆ ನಿಲ್ಲಿಸಿದರೆ ಇವರು ಹತ್ತು ಮಾಡಿ ನನ್ನತ್ತ ನೋಡುತ್ತಾರೆ. ಸಿಟ್ಟಿಗೆ ನಾನೂ ಹತ್ತು ಮಾಡುತ್ತೇನೆ.

ಫೆಬ್ರವರಿ 21

ಬೆಳ್ಳಿಯಪ್ಪ ವಾಕರ್ ಹಿಡಿದು ಅಂಗಳದವರೆಗೆ ಬಂದರಂತೆ. ದಿನಾ ಇಬ್ಬರಿಗೂ ಫೋನಿನಲ್ಲಿ ಒಂದು ಗಂಟೆ ಮಾತು. ಫೋನನ್ನು ಈಗ ಕೊರಳಿಗೆ ಹಾಕಿಕೊಂಡಿರುತ್ತಾರಂತೆ ಅವರು. ಇವರಿಂದ ಅವರಿಗೆ ಪಾಠ, ಅವರಿಂದ ಇವರಿಗೆ ಪಾಠ. ನನ್ನಿಂದ ಕೇಳಿದ್ದನ್ನೇ ಬೆಳ್ಳಿಯಪ್ಪ ಹೇಳಿದರು ಅಂತ ನನಗೇ ಬಂದು ಹೇಳುತ್ತಾರೆ.

ಕನ್ನಡಕ ಎರಡಾಯಿತು. ಓದುವುದಕ್ಕೆ ಒಂದು, ಓಡಾಡಲು ಒಂದು. ಬೇಕಾದಾಗ ಬೇಕಾದ್ದು ಸಿಗುವುದಿಲ್ಲ.

ಇಬ್ಬರೂ ಬಿದ್ದಿಲ್ಲ. ಬರೆಯಲೇ ಭಯ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 9.45

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಕಣ್ಣೆಲ್ಲ ಅಂಗಳದ ಮೇಲೆ.

ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಹಣ್ಣಾಗಿದೆ. ನಮ್ಮದೇನು ಎಸ್ಟೇಟಲ್ಲ, ಮೂರು ಬಳ್ಳಿ. ಪ್ರತಿ ವರ್ಷ ಇವರೇ ಹತ್ತಿ ಕೊಯ್ಯುವುದು. ಬಿದಿರಿನ ಏಣಿ ಎಳೆದುಕೊಂಡು ಬಂದಿದ್ದಾರೆ. ನಾನು ಮಾತಾಡಿಲ್ಲ. ಮಾತಾಡಿದರೆ ಹತ್ತಿಯೇಬಿಡುತ್ತಾರೆ, ಐವತ್ತು ವರ್ಷದಲ್ಲಿ ಅಷ್ಟು ಕಲಿತಿದ್ದೇನೆ.

ಏಣಿ ಮರಕ್ಕೆ ಒರಗಿಸಿದರು. ಅಲ್ಲಾಡಿಸಿ ನೋಡಿದರು. ಕೊಯ್ಯುವ ಚೀಲ ಹೆಗಲಿಗೆ.

ಶೂ ಹಾಕಿದ್ದಾರೆ, ಅದೊಂದು ಸಮಾಧಾನ. ಬಲಗಾಲು ಮೊದಲ ಮೆಟ್ಟಿಲ ಮೇಲೆ.

ನಿಂತಿದ್ದಾರೆ. ಮೇಲೆ ನೋಡುತ್ತಿಲ್ಲ, ಕಾಲು ನೋಡುತ್ತಿದ್ದಾರೆ. ಎಷ್ಟು ಹೊತ್ತು... ಚೋಮಿ ಪೊರಕೆ ಹಿಡಿದು ನಿಂತುಬಿಟ್ಟಿದ್ದಾಳೆ. ಅವಳಿಗೂ ಸುಮ್ಮನಿರು ಅಂತ ಸನ್ನೆ ಮಾಡಿದೆ.

ಕಾಲು ತೆಗೆದರು.

ಹೆಗಲಿನ ಚೀಲ ತೆಗೆದು ಏಣಿಗೆ ನೇತುಹಾಕಿದರು. ನನ್ನ ಕಡೆ ನೋಡಲಿಲ್ಲ. ಮರಕ್ಕೆ ಹೇಳಿದ ಹಾಗೆ, ನನ್ನ ಹೆಸರು ಹಿಡಿದು ಹೇಳಿದರು: "ಚನ್ನೀ, ಧರ್ಮಪಾಲಂಗೆ ಫೋನ್ ಮಾಡು. ಏಣಿ ನಾನ್ ಹಿಡ್ಕತೀನಿ, ಅವ್ನು ಹತ್ಲಿ."

ಧರ್ಮಪಾಲ ಈ ಬೀದಿಗೆಲ್ಲ ಮೆಣಸು ಕೊಯ್ದು ಕೊಡುವವನು. ಪ್ರತಿ ವರ್ಷ ಕೇಳಿ ಕೇಳಿ ಬೈಸಿಕೊಂಡು ಹೋಗುತ್ತಿದ್ದ.

ಇವರು ಆಗಲೇ ರೇಗುತ್ತಿದ್ದಾರೆ, ಬಿಸಿಲೇರಿದ ಮೇಲೆ ಮಾಡ್ತೀಯಾ ಅಂತ. ಫೋನ್ ಒಳಗಿದೆ, ಓಡಾಡುವ ಕನ್ನಡಕ ಎಲ್ಲಿಟ್ಟೆನೋ. ಬಂದೆ ಅಂದೆ. ನಿಧಾನಕ್ಕೆ ಬಾ ಅಂತ ಅದಕ್ಕೂ ಒಂದು ಪಾಠ.